ಚಿಪ್ಪಿನ ಆಕಾರವೇ ಬೇರೆ ಇದ್ದಾಗ: ಪದೇ ಪದೇ ಸರಿಯುವ ಮೊಣಕಾಲ ಚಿಪ್ಪಿಗೆ ಆಪರೇಷನ್

ಖೋಖೋ ಆಟದಲ್ಲಿ ಕಂಬ ಸುತ್ತುವ ಗಳಿಗೆ ಮೊಣಕಾಲ ಚಿಪ್ಪಿನ ಮಟ್ಟಿಗೆ ಬಲು ಕೆಟ್ಟದ್ದು. ಪಾದ ನೆಲಕ್ಕೆ ಊರಿರುತ್ತದೆ, ಮೊಣಕಾಲು 20–30 ಡಿಗ್ರಿ ಮಡಚಿರುತ್ತದೆ, ಮೈ ಒಳಕ್ಕೆ ತಿರುಗುತ್ತದೆ, ಅದೇ ಹೊತ್ತಿಗೆ ತೊಡೆಯ ಸ್ನಾಯು ಜಗ್ಗುತ್ತದೆ. ಚಿಪ್ಪು ಹೊರಬದಿಗೆ ಜಾರುತ್ತದೆ. ಕಾಲು ನೀಟ ಮಾಡಿದ ಕೂಡಲೇ ಬಹಳಷ್ಟು ಸಲ ತಾನೇ ವಾಪಸ್ ಕೂಡುತ್ತದೆ. ಹೀಗಾಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಕಾಣುವುದು ಬಾತ ಮೊಣಕಾಲು, ಕೇಳುವುದು ಜೊತೆಗೆ ಬಂದವರ ಒಂದು ಮಾತು: “ಚಿಪ್ಪ ಸರದಿತ್ರಿ, ಮತ್ತ ತಾನ ಕುಂತತಿ.”

ಬಾಗಲಕೋಟೆ, ಜಮಖಂಡಿ, ಮುಧೋಳ ಕಡೆ ಕಬಡ್ಡಿ ಅಂಕಣದಿಂದಲೂ ಗರಡಿ ಮನೆಯಿಂದಲೂ ಇದೇ ಮಾತು ಹೊತ್ತು ಬರುವವರಿದ್ದಾರೆ. ಮೊದಲ ಸಲ ಸರಿದವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಿಲ್ಲ. ಬ್ರೇಸ್, ವ್ಯಾಯಾಮ, ಕೆಲವು ತಿಂಗಳ ತಾಳ್ಮೆ ಸಾಕು. ಇಲ್ಲಿ ಬರೆಯುತ್ತಿರುವುದು ಪದೇ ಪದೇ ಸರಿಯುವವರ ಬಗ್ಗೆ, ಅದರಲ್ಲೂ ಚಿಪ್ಪಿನ ರಚನೆಯೇ ಮಾಮೂಲಿಗಿಂತ ಬೇರೆ ಇರುವವರ ಬಗ್ಗೆ. ಎರಡು ತುಂಡಿನ ಚಿಪ್ಪು, ಸಣ್ಣ ಚಿಪ್ಪು, ತೆಳು ಚಿಪ್ಪು, ಮೇಲೆ ಕೂತ ಚಿಪ್ಪು, ಒಳಮುಖವೇ ಬೆಳೆಯದ ಚಿಪ್ಪು ಎಲ್ಲವೂ ಇದರಲ್ಲಿ ಬರುತ್ತವೆ. ಇವರಿಗೆ ಹೊಸ ಲಿಗಮೆಂಟ್ (ಎಲುಬಿಗೆ ಎಲುಬು ಬಿಗಿಯುವ ನಾರು) ಕಟ್ಟುವುದು ಅಂಥ ಕಷ್ಟದ ಕೆಲಸವಲ್ಲ. ಅದೊಂದೇ ಯಾರಿಗೆ ಸಾಲದು, ಯಾರ ಚಿಪ್ಪಿಗೆ ಮಾಮೂಲಿ ತೂತು ಹಾಕಬಾರದು ಎಂದು ಕತ್ತರಿ ಹಿಡಿಯುವ ಮೊದಲೇ ತಿಳಿಯುವುದು ಕಷ್ಟ.

ಚಿಪ್ಪನ್ನು ಜಾಗದಲ್ಲಿ ಹಿಡಿಯುವುದು ಮೂರು ಸಂಗತಿ. ತೊಡೆ ಎಲುಬಿನ ತುದಿಯಲ್ಲಿರುವ ತೋಡು, ಒಳಬದಿಯಲ್ಲಿ ಚಿಪ್ಪಿನಿಂದ ತೊಡೆ ಎಲುಬಿಗೆ ಹೋಗುವ ಎಂಪಿಎಫ್‌ಎಲ್ ಎಂಬ ಲಿಗಮೆಂಟ್, ಮತ್ತು ತೊಡೆಯ ಸ್ನಾಯು ಎಳೆಯುವ ದಿಕ್ಕು. ಕಾಲು ನೀಟ ಇದ್ದಾಗಿನಿಂದ 30 ಡಿಗ್ರಿ ಮಡಚುವವರೆಗೆ ಚಿಪ್ಪು ತೋಡಿನೊಳಗೆ ಪೂರ್ತಿ ಇಳಿದಿರುವುದಿಲ್ಲ. ಆ ಅವಧಿಯಲ್ಲಿ ಹೊರಕ್ಕೆ ಜಾರದಂತೆ ತಡೆಯುವ ಬಲದಲ್ಲಿ 50–60 ಶೇಕಡಾ ಈ ಒಂದು ಲಿಗಮೆಂಟಿನದೇ. ಚಿಪ್ಪು ಒಮ್ಮೆ ಪೂರ್ತಿ ಸರಿಯಿತೆಂದರೆ ಅದು ಹರಿದಿರುತ್ತದೆ, ಇಲ್ಲವೇ ಜಗ್ಗಿ ಸಡಿಲಾಗಿರುತ್ತದೆ.

ತಪಾಸಣೆಯಲ್ಲಿ ಮೊದಲು ಎಕ್ಸ್‌ರೇ. ಎದುರಿನಿಂದ ಒಂದು, ಪಕ್ಕದಿಂದ 30 ಡಿಗ್ರಿ ಮಡಚಿ ಒಂದು, ಮೊಣಕಾಲು ಮಡಚಿಸಿ ಚಿಪ್ಪಿನ ಅಡಿಯಿಂದ ತೆಗೆಯುವ ಸ್ಕೈಲೈನ್ ಒಂದು. ಮೂರನೆಯದನ್ನು ಬಿಡುವ ರೂಢಿ ಜಾಸ್ತಿ, ಚಿಪ್ಪು ಮತ್ತು ತೋಡಿನ ಸಂಬಂಧ ಚೆನ್ನಾಗಿ ಕಾಣುವುದು ಅದರಲ್ಲೇ. ಮೊಣಕಾಲು ಬಿಗಿದು ಬಾತಿದ್ದರೆ ಸೂಜಿಯಿಂದ ರಕ್ತ ತೆಗೆದು ಟ್ರೇಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಮೇಲೆ ಎಣ್ಣೆಯ ಹನಿಗಳಂತೆ ಕೊಬ್ಬು ತೇಲಿದರೆ ಒಳಗೆ ಎಲ್ಲೋ ಎಲುಬು ಒಡೆದಿದೆ ಎಂದೇ ಲೆಕ್ಕ. ಸರಿದ ಚಿಪ್ಪು ವಾಪಸ್ ಕೂಡುವಾಗ ಅದರ ಒಳಅಂಚು ತೊಡೆ ಎಲುಬಿನ ಹೊರಗುಬ್ಬಿಗೆ (ಕೆಳತುದಿಯ ಹೊರಬದಿಯ ಉಬ್ಬಿಗೆ) ಬಡಿಯುತ್ತದೆ, ಕಾರ್ಟಿಲೇಜ್ (ಕೀಲೊಳಗೆ ಎಲುಬಿನ ಮೇಲಿರುವ ನಯವಾದ ಪದರ) ಸಮೇತ ಎಲುಬಿನ ಚೂರು ಕಿತ್ತು ಬರಬಹುದು. ಊರಲ್ಲಿ ಎಲುಬು ಕಟ್ಟುವವರ ಹತ್ತಿರ ಎಣ್ಣೆ ತಿಕ್ಕಿಸಿ ಬಿದಿರ ಪಟ್ಟಿ ಬಿಗಿಸಿಕೊಂಡು ತಿಂಗಳು ಕಳೆದು ಬಂದರೆ ಮುಖ್ಯ ತೊಂದರೆ ಇಲ್ಲೇ ಆಗುತ್ತದೆ. ದೊಡ್ಡ ಚೂರನ್ನು ಮೊದಲ ವಾರಗಳಲ್ಲಿ ಮೊಳೆ ಹೊಡೆದು ಕೂರಿಸಬಹುದು. ತಡವಾದರೆ ಅದರ ಅಂಚು ಸವೆದು, ಜಾಗಕ್ಕೆ ಹೊಂದದೆ, ತೆಗೆದು ಬಿಸಾಡುವುದೊಂದೇ ದಾರಿ.

ಎರಡು ತುಂಡಿನ ಚಿಪ್ಪು ಗೊಂದಲ ಎಬ್ಬಿಸುವುದೂ ಇಲ್ಲೇ. ಬೆಳೆಯುವ ವಯಸ್ಸಿನಲ್ಲಿ ಚಿಪ್ಪಿನ ಮುಖ್ಯ ಎಲುಬಿನ ಜೊತೆ ಮೂಲೆಯಲ್ಲಿ ಇನ್ನೊಂದು ಎಲುಬಿನ ಕೇಂದ್ರ ಹುಟ್ಟುತ್ತದೆ. ಅದು ಬೆಸೆಯದೆ ಉಳಿದರೆ ಚಿಪ್ಪು ಜೀವನಪೂರ್ತಿ ಎರಡು ತುಂಡಾಗಿಯೇ ಇರುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಹೀಗಿರುತ್ತದೆ, ಬಹುತೇಕ ಜನರಿಗೆ ಏನೂ ತ್ರಾಸಿಲ್ಲ. ನಾಲ್ಕರಲ್ಲಿ ಮೂರು ಪಾಲು ಈ ತುಂಡು ಇರುವುದು ಮೇಲಿನ ಹೊರಮೂಲೆಯಲ್ಲಿ. ಅಂಚು ದುಂಡಗೆ, ನಯವಾಗಿ, ಬೆಳ್ಳಗೆ ಕಾಣುತ್ತದೆ. ಇನ್ನೊಂದು ಕಾಲಿನ ಎಕ್ಸ್‌ರೇ ತೆಗೆದರೆ ಎಷ್ಟೋ ಸಲ ಅಲ್ಲೂ ಅದೇ ಗೆರೆ ಸಿಗುತ್ತದೆ. ಚಿಪ್ಪು ಸರಿದಾಗ ಕಿತ್ತುಬರುವ ಹೊಸ ಚೂರು ಹೆಚ್ಚಾಗಿ ಇದಕ್ಕೆ ವಿರುದ್ಧ ಬದಿಯಲ್ಲಿ, ಅಂದರೆ ಚಿಪ್ಪಿನ ಒಳಅಂಚಿನಲ್ಲಿ, ಚೂಪು ಅಂಚಿನದಾಗಿರುತ್ತದೆ. ಮೇಲಿನ ಹೊರಮೂಲೆಯ ಹಳೆಯ ಗೆರೆ ನೋಡಿ “ಚಿಪ್ಪು ಮುರಿದಿದೆ” ಎಂದು ಪ್ಲಾಸ್ಟರ್ ಹಾಕುವುದು, ಅದರ ಗಡಿಬಿಡಿಯಲ್ಲಿ ಒಳಅಂಚಿನ ನಿಜವಾದ ಚೂರನ್ನು ಬಿಟ್ಟುಬಿಡುವುದು, ಎರಡೂ ಒಟ್ಟಿಗೇ ಆಗಬಹುದಾದ ತಪ್ಪು. ಅನುಮಾನವಿದ್ದರೆ ಎಂಆರ್‌ಐ ಮಾಡಿಸಬೇಕು. ತುಂಡಿನ ಸಂದಿಯ ಎರಡೂ ಬದಿ ಎಲುಬಿನಲ್ಲಿ ನೀರು ಕಂಡರೆ ಆ ತುಂಡು ನೋವಿಗೆ ಕಾರಣವಿರಬಹುದು. ನೀರಿಲ್ಲದಿದ್ದರೆ ಅದರ ಗೊಡವೆಗೆ ಹೋಗಬಾರದು.

ಅಳತೆಗಳ ವಿಷಯಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಇಲ್ಲೇ, ಯಾಕೆಂದರೆ ಪಟ್ಟಿಯಲ್ಲಿರುವ ಅಂಕಿಗಳೆಲ್ಲ ಮಾಮೂಲಿ ಆಕಾರದ ಚಿಪ್ಪಿಗೆ ಮಾಡಿದವು.

ಚಿಪ್ಪು ಎತ್ತರದಲ್ಲಿ ಕೂತಿದೆಯೇ ಎಂದು ನೋಡಲು ಇನ್ಸಾಲ್-ಸಾಲ್ವಾಟಿ ಅನುಪಾತ ಎಲ್ಲರಿಗೂ ಗೊತ್ತು. ಚಿಪ್ಪಿನ ಕೆಳಗಿನ ಟೆಂಡನ್ನಿನ (ಚಿಪ್ಪನ್ನು ಮೊಣಕಾಲ ಕೆಳಗಿನ ಎಲುಬಿಗೆ ಕಟ್ಟುವ ನಾರಿನ) ಉದ್ದವನ್ನು ಚಿಪ್ಪಿನ ಉದ್ದದಿಂದ ಭಾಗಿಸುವುದು. 1.2 ದಾಟಿದರೆ ಎತ್ತರ. ಆದರೆ ಕೆಲವರ ಚಿಪ್ಪಿಗೆ ಕೆಳಗೆ ಉದ್ದನೆಯ ಮೂಗು ಇರುತ್ತದೆ, ಅದಕ್ಕೆ ಕಾರ್ಟಿಲೇಜ್ ಇರುವುದಿಲ್ಲ. ಚಿಪ್ಪಿನ ಉದ್ದ 50 ಮಿ.ಮೀ, ಟೆಂಡನ್ 52 ಮಿ.ಮೀ ಎಂದಿಟ್ಟುಕೊಳ್ಳಿ. ಅನುಪಾತ 1.04, ನೋಡಲು ಏನೂ ಕೊರತೆಯಿಲ್ಲ. ಅದೇ ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಇರುವ ಮುಖ ಮಾತ್ರ ಅಳೆದರೆ 30 ಮಿ.ಮೀ, ಆ ಮುಖದ ಕೆಳತುದಿಯಿಂದ ಕಣಕಾಲ ಎಲುಬಿನ (ಮೊಣಕಾಲ ಕೆಳಗಿನ ದೊಡ್ಡ ಎಲುಬಿನ) ಮೇಲಿನ ಮುಂಗೋಣಕ್ಕೆ 42 ಮಿ.ಮೀ. ಇದು ಕ್ಯಾಟನ್-ಡೆಶಾಂಪ್ಸ್ ಅಳತೆ, ಬಂದದ್ದು 1.4. ಚಿಪ್ಪು ಖಂಡಿತ ಎತ್ತರದಲ್ಲಿದೆ. ಕಾಲು ಸಾಕಷ್ಟು ಮಡಚುವವರೆಗೆ ಅದು ತೋಡಿಗೇ ಸಿಗುವುದಿಲ್ಲ. ಮೊದಲಿನ ಅಂಕಿ ನಂಬಿ ಬರೇ ಲಿಗಮೆಂಟ್ ಕಟ್ಟಿದರೆ ಪೂರ್ತಿ ಭಾರ ಆ ದಾರದ ಮೇಲೇ ಬೀಳುತ್ತದೆ.

ಸಣ್ಣ ಚಿಪ್ಪಿನಲ್ಲಿ ಇದರ ಉಲ್ಟಾ. ಕಾರ್ಟಿಲೇಜ್ ಮುಖ 22 ಮಿ.ಮೀ ಇದ್ದು ಕೆಳಗಿನ ಅಂತರ 30 ಮಿ.ಮೀ ಇದ್ದರೆ ಭಾಗಲಬ್ಧ 1.36 ಬರುತ್ತದೆ. ಅಂತರ ಹೆಚ್ಚಾಗಿಲ್ಲ, ಛೇದ ಸಣ್ಣದಾಗಿದೆ ಅಷ್ಟೆ. ಅದನ್ನು ನೋಡಿ ಟೆಂಡನ್ ಅಂಟಿದ ಎಲುಬು ಕೊಯ್ದು ಕೆಳಗಿಳಿಸಿದರೆ ಚಿಪ್ಪು ಅಗತ್ಯಕ್ಕಿಂತ ಕೆಳಗೆ ಹೋಗಿ ಕಾಲು ಮಡಚಿದಾಗಲೆಲ್ಲ ಒತ್ತುತ್ತದೆ. ಇಂಥಲ್ಲಿ ಎಂಆರ್‌ಐ ಮೇಲೆ ಚಿಪ್ಪಿನ ಕಾರ್ಟಿಲೇಜ್ ಮತ್ತು ತೋಡಿನ ಕಾರ್ಟಿಲೇಜ್ ಎಷ್ಟು ಉದ್ದ ಎದುರುಬದುರು ಇವೆ ಎಂದು ನೋಡುವುದು ಒಳ್ಳೆಯದು. ಚಿಪ್ಪಿನ ಮುಖದ ಎಂಟನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಮಾತ್ರ ನಿಜವಾದ ಎತ್ತರ ಎನ್ನಬಹುದು.

ಸಣ್ಣ ಚಿಪ್ಪು ಕಂಡರೆ ಕೈಯ ಉಗುರನ್ನೂ ನೋಡಬೇಕು. ಹೆಬ್ಬೆರಳಿನ ಉಗುರು ಅರ್ಧ ಬೆಳೆದಿದ್ದರೆ, ಸೀಳಿದ್ದರೆ, ಮೊಣಕೈ ಪೂರ್ತಿ ನೀಟ ಆಗದಿದ್ದರೆ ಅದು ನೇಲ್-ಪಟೆಲ್ಲಾ ಸಿಂಡ್ರೋಮ್ ಇರಬಹುದು. ಎಲ್‌ಎಂಎಕ್ಸ್1ಬಿ ಎಂಬ ಜೀನಿನ ದೋಷ, ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇವರ ಕಿಡ್ನಿ ಕೆಡಬಹುದು, ಕಣ್ಣಿನ ಒತ್ತಡ ಏರಬಹುದು. ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ, ಬಿಪಿ, ಕಣ್ಣಿನ ತಪಾಸಣೆ ಮಾಡಿಸದೆ ಮೊಣಕಾಲ ಆಪರೇಷನ್ ಟೇಬಲ್ಲಿಗೆ ಏರಿಸಬಾರದು. ಸುಮ್ಮನೆ ನೋವಿನ ಗುಳಿಗೆ ತಿಂಗಳುಗಟ್ಟಲೆ ಬರೆದುಕೊಡುವುದೂ ಇವರಿಗೆ ಅಪಾಯವೇ.

ಇನ್ನು ಟಿಟಿ-ಟಿಜಿ. ಚಿಪ್ಪಿನ ಕೆಳಗೆ ಕೈಗೆ ಸಿಗುವ ಎಲುಬಿನ ಗಂಟು ತೋಡಿನ ನಡುವಿನಿಂದ ಎಷ್ಟು ಹೊರಕ್ಕಿದೆ ಎಂಬ ಅಳತೆ. ಸಿಟಿಯಲ್ಲಿ 20 ಮಿ.ಮೀ ದಾಟಿದರೆ ಹೆಚ್ಚು, 15ರಿಂದ 20ರ ನಡುವೆ ಇದ್ದರೆ ಉಳಿದ ಅಂಶ ನೋಡಿ ತೀರ್ಮಾನ. ಎಂಆರ್‌ಐಯಲ್ಲಿ ಅದೇ ಕಾಲಿಗೆ ಕೆಲವು ಮಿ.ಮೀ ಕಡಿಮೆ ಬರುತ್ತದೆ, ಆದ್ದರಿಂದ ಎಂಆರ್‌ಐಯ 17ನ್ನು ಸಿಟಿಯ 17 ಎಂದು ಓದಬಾರದು. ತೋಡು ಚಪ್ಪಟೆ ಇದ್ದವರಲ್ಲಿ ಅದರ ಆಳದ ಬಿಂದು ಯಾವುದೆಂದೇ ಗೊತ್ತಾಗುವುದಿಲ್ಲ, ಇಬ್ಬರು ಅಳೆದರೆ ಎರಡು ಅಂಕಿ. ಆಗ ಮೊಣಕಾಲ ಒಳಗಿರುವ ಹಿಂದಿನ ಕ್ರೂಸಿಯೇಟ್ ಲಿಗಮೆಂಟಿನ ಅಂಚಿನಿಂದ ಅಳೆಯುವ ಟಿಟಿ-ಪಿಸಿಎಲ್ ಇನ್ನೊಂದು ಸಾಕ್ಷಿ, 24 ಮಿ.ಮೀ ಮೇಲಾದರೆ ಹೆಚ್ಚು.

ತೋಡಿನ ದೋಷವನ್ನು ಡೆಜೂರ್ ವಿಂಗಡಣೆಯಲ್ಲಿ ಎ, ಬಿ, ಸಿ, ಡಿ ಎಂದು ಬರೆಯುತ್ತಾರೆ. ಚಿಪ್ಪಿನ ಮುಖಗಳನ್ನು ವೈಬರ್ಗ್ 1941ರಲ್ಲಿ ಮೂರು ಬಗೆ ಮಾಡಿದ. ಮೂರನೆಯದರಲ್ಲಿ ಒಳಮುಖ ತೀರಾ ಸಣ್ಣದು, ಅದಕ್ಕೂ ಮುಂದೆ ಹೋದರೆ ಒಳಮುಖವೇ ಇಲ್ಲದ ಚಿಪ್ಪು. ರಿಪೋರ್ಟಿನಲ್ಲಿ “ವೈಬರ್ಗ್ 3” ಎಂದು ಓದಿ ಹೆದರಿ ಬರುವವರಿಗೆ ಹೇಳಬೇಕಾದ್ದು ಇಷ್ಟೆ: ಆ ಒಂದು ಸಾಲಿನ ಮೇಲೆ ಯಾರೂ ಆಪರೇಷನ್ ಗೊತ್ತುಮಾಡುವುದಿಲ್ಲ. ತೋಡು ಹೇಗಿದೆ, ಚಿಪ್ಪು ಯಾವ ಎತ್ತರದಲ್ಲಿದೆ, ಎಳೆತ ಯಾವ ದಿಕ್ಕಿಗಿದೆ ಎಂಬುದು ಅದಕ್ಕಿಂತ ದೊಡ್ಡ ಮಾತು.

ಆಪರೇಷನ್ನಿನ ಮೂಲ ಕೆಲಸ ಎಂಪಿಎಫ್‌ಎಲ್ ಹೊಸದಾಗಿ ಕಟ್ಟುವುದು. ಅರಿವಳಿಕೆ ಕೊಟ್ಟ ಮೇಲೆ ಮೊದಲು ಕೈಯಿಂದಲೇ ಚಿಪ್ಪನ್ನು ಸರಿಸಿ ನೋಡುತ್ತಾರೆ. ನೋವಿನ ಹೆದರಿಕೆ ಇಲ್ಲದಾಗ ಅದು ಎಷ್ಟು ಸಡಿಲವೆಂಬುದು ಆಗಲೇ ನಿಕ್ಕಿ. ಆಮೇಲೆ ದುರ್ಬೀನು ಹಾಕಿ ಕಾರ್ಟಿಲೇಜ್ ನೋಡುವುದು, ಬಿದ್ದ ಚೂರು ತೆಗೆಯುವುದು. ಮೊಣಕಾಲ ಕೆಳಗೆ ಒಳಬದಿಯಲ್ಲಿ 2–3 ಸೆಂ.ಮೀ ಕೊಯ್ತದಿಂದ ಗ್ರಾಸಿಲಿಸ್ ಎಂಬ ಟೆಂಡನ್ ತೆಗೆಯುತ್ತಾರೆ. ಮಡಚಿ ಎರಡು ಎಳೆ ಮಾಡಲು 18–20 ಸೆಂ.ಮೀ ಉದ್ದ ಬೇಕು. ಮೂಲ ಲಿಗಮೆಂಟ್ ತಡೆಯುವುದು 208 ನ್ಯೂಟನ್ ಆಸುಪಾಸಿನ ಬಲ, ಗ್ರಾಸಿಲಿಸ್ ಒಂದೇ ಎಳೆ ಅದಕ್ಕಿಂತ ಗಟ್ಟಿ. ಆದ್ದರಿಂದ ಇನ್ನೂ ದಪ್ಪದ್ದು ಬೇಕೆಂಬ ಹಟ ಬೇಕಿಲ್ಲ. ಗಟ್ಟಿ ಎಳೆಯನ್ನು ತಪ್ಪು ಜಾಗಕ್ಕೆ ಕಟ್ಟಿದರೆ ಹರಿಯುವುದು ಎಳೆಯಲ್ಲ, ಸವೆಯುವುದು ಚಿಪ್ಪಿನ ಕಾರ್ಟಿಲೇಜ್.

ಚಿಪ್ಪಿನ ಬದಿಯಲ್ಲಿ ಲಿಗಮೆಂಟ್ ಕೂಡುವುದು ಒಳಅಂಚಿನ ಮೇಲಿನ ಅರ್ಧದಲ್ಲಿ. ಅಲ್ಲಿ 3 ಮಿ.ಮೀ ಆಸುಪಾಸಿನ ಎರಡು ಆಂಕರ್ (ಎಳೆಯನ್ನು ಎಲುಬಿಗೆ ಹಿಡಿಸುವ ಸಣ್ಣ ಮೊಳೆ), ನಡುವೆ 15 ಮಿ.ಮೀ ಅಂತರ. ಮಾಮೂಲಿ ಚಿಪ್ಪಿಗೆ ಕೆಲವರು ಒಳಅಂಚಿನಿಂದ ಹೊರಅಂಚಿಗೆ ಆರುಪಾರು ತೂತು ಹಾಕುತ್ತಾರೆ. ಎರಡು ತುಂಡಿನ ಚಿಪ್ಪಿಗೆ ಇದು ಸಲ್ಲದು. ಮೇಲಿನ ಅರ್ಧದಲ್ಲಿ ಅಡ್ಡ ಹೋದ ತೂತು ಸೀದಾ ಮೇಲಿನ ಹೊರಮೂಲೆಯ ಸಂದಿಗೆ ಬಂದು ನಿಲ್ಲುತ್ತದೆ. ಮೊದಲೇ ಬೆಸೆಯದ ಜಾಗಕ್ಕೆ ಇನ್ನೊಂದು ಬಿರುಕಿನ ದಾರಿ ಮಾಡಿಕೊಟ್ಟ ಹಾಗೆ. ತೆಳು ಚಿಪ್ಪಿಗೂ ಆರುಪಾರು ತೂತು ಬೇಡ. ದೊಡ್ಡವರ ಚಿಪ್ಪು ಸಾಮಾನ್ಯವಾಗಿ 20 ಮಿ.ಮೀ ಮೇಲೆ ದಪ್ಪ, ಅದರಲ್ಲಿ 4–5 ಮಿ.ಮೀ ಕಾರ್ಟಿಲೇಜೇ. ಬೆಳೆಯದ ಚಿಪ್ಪಿನ ಒಳಅಂಚಿನಲ್ಲಿ ಎಲುಬು ಇನ್ನೂ ತೆಳು, 4.5 ಮಿ.ಮೀ ಡ್ರಿಲ್ ಹೋದರೆ ಮುಂದಿನ ಗೋಡೆ ಇಲ್ಲವೇ ಹಿಂದಿನ ಕಾರ್ಟಿಲೇಜ್ ಎರಡರಲ್ಲೊಂದು ತೂತಾಗುವುದು ಸುಲಭ. ಆಪರೇಷನ್ ಆದ ಮೂರ್ನಾಲ್ಕು ತಿಂಗಳಿಗೆ ಮೆಟ್ಟಿಲಲ್ಲಿ ಎಡವಿ ಚಿಪ್ಪು ಮುರಿದುಕೊಂಡು ಬರುವುದಕ್ಕೆ ಇಂಥ ತೂತೇ ಕಾರಣವಾಗಿರುತ್ತದೆ. ಎಲುಬು ತೀರಾ ತೆಳುವಿದ್ದರೆ ಆಂಕರ್ ಕೂಡ ಬಿಟ್ಟು, ಎಳೆಯನ್ನು ಚಿಪ್ಪಿನ ಮೇಲಿನ ಪೊರೆಗೂ ತೊಡೆಯ ಮುಂದಿನ ಸ್ನಾಯುವಿನ ಕ್ವಾಡ್ರಿಸೆಪ್ಸ್ ಟೆಂಡನ್ನಿಗೂ ಹೊಲಿಯುವ ದಾರಿ ಇದೆ.

ತೊಡೆ ಎಲುಬಿನ ಬದಿಯ ಬಿಂದು ಇನ್ನೂ ಸೂಕ್ಷ್ಮ. ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್‌ನಲ್ಲಿ ಎರಡೂ ಗುಬ್ಬಿಗಳ ನೆರಳು ಒಂದರ ಮೇಲೊಂದು ಸರಿಯಾಗಿ ಕೂಡುವವರೆಗೆ ಕಾಲು ತಿರುಗಿಸಬೇಕು. ಐದು ಡಿಗ್ರಿ ತಪ್ಪಿದರೂ ಬಿಂದು ಸರಿಯುತ್ತದೆ. ಎಲುಬಿನ ಹಿಂಗೋಡೆಯ ಗೆರೆಯನ್ನು ಕೆಳಗೆ ಎಳೆದು, ಅದರಿಂದ 1 ಮಿ.ಮೀ ಮುಂದೆ, ಒಳಗುಬ್ಬಿಯ ಹಿಂಭಾಗ ಶುರುವಾಗುವ ಮಟ್ಟದಿಂದ 2.5 ಮಿ.ಮೀ ಕೆಳಗೆ. ಇದು ಶೋಟ್ಲೆ 2007ರಲ್ಲಿ ತೋರಿಸಿದ ಬಿಂದು. ಆದರೂ ನೇರ ಡ್ರಿಲ್ ಹಾಕದೆ ತೆಳು ತಂತಿ ನೆಟ್ಟು, ಎಳೆಯನ್ನು ಅದಕ್ಕೆ ಸುತ್ತಿ, ಕಾಲನ್ನು ಮಡಚಿ ನೀಟ ಮಾಡಿ ನೋಡಬೇಕು. ನೀಟ ಇದ್ದಾಗ ಹದವಾಗಿ ಹಿಡಿದು, ಹೆಚ್ಚು ಮಡಚಿದಾಗ ತುಸು ಸಡಿಲಾದರೆ ಸರಿ. ಮಡಚಿದಾಗ ಬಿಗಿಯಾದರೆ ತಂತಿ ಮೇಲೆ ಹೋಗಿದೆ, ತೆಗೆದು ಕೆಳಗೆ ಹಾಕಬೇಕು. ಇದಕ್ಕೆ ಹಿಡಿಯುವುದು ಹೆಚ್ಚೆಂದರೆ ಐದು ನಿಮಿಷ. ಆ ಐದು ನಿಮಿಷ ಉಳಿಸಲು ಹೋಗಿ 70 ಡಿಗ್ರಿಗೆ ನಿಂತುಹೋದ ಮೊಣಕಾಲಿನ ಜೊತೆ ವರ್ಷಗಟ್ಟಲೆ ಫಿಜಿಯೋಥೆರಪಿ ಮಾಡಿಸುವುದು ಯಾವ ಲೆಕ್ಕ?

ಸ್ಕ್ರೂ ಬಿಗಿಯುವಾಗ ಮೊಣಕಾಲು 30–45 ಡಿಗ್ರಿ ಮಡಚಿರಬೇಕು, ಚಿಪ್ಪು ತೋಡಿನಲ್ಲಿ ಕೂತಿರಬೇಕು. ಎಳೆಯನ್ನು ಜಗ್ಗಬಾರದು, ಸಡಿಲು ತೆಗೆದರೆ ಸಾಕು. ಎಳೆ ಮಾಡುವ ಕೆಲಸ ಚಿಪ್ಪನ್ನು ತಡೆಯುವುದು, ಒಳಕ್ಕೆ ಎಳೆಯುವುದಲ್ಲ. ಕಡೆಗೆ ಚಿಪ್ಪನ್ನು ಹೊರಕ್ಕೆ ಒತ್ತಿದರೆ ಸುಮಾರು ಒಂದು ಸೆಂ.ಮೀ ಸರಿದು ಗಟ್ಟಿ ನಿಲ್ಲಬೇಕು. ಸ್ವಲ್ಪವೂ ಸರಿಯದಿದ್ದರೆ ಅದು ಚೊಲೋ ಆಪರೇಷನ್ ಅಲ್ಲ, ಅತಿ ಬಿಗಿ.

ಇಷ್ಟು ಯಾರಿಗೆ ಸಾಲದು? ಮೇಲೆ ಹೇಳಿದ 1.4ರ ಕಾಲಿಗೆ ಸಾಲದು. ಅಲ್ಲಿ ಎಲುಬಿನ ಗಂಟನ್ನು 5–6 ಸೆಂ.ಮೀ ಉದ್ದ, ಒಂದು ಸೆಂ.ಮೀ ದಪ್ಪ ಕೊಯ್ದು ಕೆಳಗಿಳಿಸಬೇಕು. ಗುರಿ 1.1 ಎಂದರೆ 30 ಮಿ.ಮೀ ಮುಖಕ್ಕೆ 33 ಮಿ.ಮೀ ಅಂತರ. ಈಗ ಇರುವುದು 42, ಇಳಿಸಬೇಕಾದ್ದು 9 ಮಿ.ಮೀ. ಟಿಟಿ-ಟಿಜಿ 22 ಇದ್ದರೆ ಅದೇ ತುಂಡನ್ನು ಒಳಕ್ಕೂ 10 ಮಿ.ಮೀ ಸರಿಸಬಹುದು, ಅದಕ್ಕಿಂತ ಹೆಚ್ಚು ಸರಿಸಿದರೆ ಒಳಬದಿಯ ಕಾರ್ಟಿಲೇಜಿಗೆ ಭಾರ. 4.5 ಮಿ.ಮೀ ಸ್ಕ್ರೂ ಎರಡು. ಕೊಯ್ತದ ಕೆಳತುದಿ ಇಳಿಜಾರಾಗಿ ಮುಗಿಯಬೇಕು. ಮೆಟ್ಟಿಲಿನಂತೆ ಚೌಕಾಗಿ ಕೊಯ್ದರೆ ಕಣಕಾಲ ಎಲುಬು ಅಲ್ಲಿಂದಲೇ ಮುರಿಯಬಹುದು. ಕೆಳಗಿಳಿಸುವಾಗ ತುಂಡನ್ನು ಪೂರ್ತಿ ಬಿಡಿಸಲೇಬೇಕಾಗುವುದರಿಂದ ಈ ಅಪಾಯ ಜಾಸ್ತಿ, ಕೂಡಲು ತಡವೂ ಜಾಸ್ತಿ. ಬೀಡಿ, ಸಿಗರೇಟು, ಗುಟ್ಕಾ ಬಿಡಲಾಗದವರಿಗೆ ಈ ಕೊಯ್ತ ಮುಂದೂಡುವುದೇ ಮೇಲು.

ಬೆಳೆಯುವ ಮಕ್ಕಳಿಗೆ ಇದು ಮಾಡಲೇಬಾರದು. ಗಂಟಿನ ಬೆಳವಣಿಗೆ ಪದರ ಹೊತ್ತಿಗೆ ಮುಂಚೆಯೇ ಮುಚ್ಚಿಹೋದರೆ ಮೊಣಕಾಲು ಹಿಂದಕ್ಕೆ ಬಾಗುತ್ತದೆ. ಹುಡುಗಿಯರಲ್ಲಿ 14, ಹುಡುಗರಲ್ಲಿ 16ರ ಆಸುಪಾಸಿಗೆ ಪದರ ಮುಚ್ಚುತ್ತದೆ, ಖಾತ್ರಿಗೆ ಎಕ್ಸ್‌ರೇ ನೋಡಬೇಕು. ಅಲ್ಲಿಯವರೆಗೆ ಲಿಗಮೆಂಟ್ ಮಾತ್ರ, ಅದೂ ತೊಡೆ ಎಲುಬಿನ ಪದರದ ಕೆಳಗೆ ತೂತು ಹಾಕಿ. ಆ ಪದರ ಅಲೆಯಂತೆ ಬಾಗಿರುವುದರಿಂದ ಪಕ್ಕದ ಚಿತ್ರವೊಂದನ್ನೇ ನಂಬಿದರೆ ಮೋಸ, ಎದುರಿನ ಚಿತ್ರವೂ ನೋಡಬೇಕು.

ತೋಡನ್ನೇ ಕೆತ್ತಿ ಆಳ ಮಾಡುವ ಟ್ರಾಕ್ಲಿಯೋಪ್ಲಾಸ್ಟಿ ಬಿ ಮತ್ತು ಡಿ ಬಗೆಯ, ಉಬ್ಬು ಎದ್ದ ತೋಡಿಗೆ. ಕಾರ್ಟಿಲೇಜ್ ಸವೆದವರಿಗೆ ಇದು ಆಗದು. ಇದನ್ನು ಮೇಲಿಂದ ಮೇಲೆ ಮಾಡುವ ಕೈಯೇ ಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಎಲ್ಲೇ ಹೋದರೂ ಇದೊಂದನ್ನು ನೇರ ಕೇಳಿ: ಈ ಆಪರೇಷನ್ ಇಲ್ಲಿ ಎಷ್ಟು ಆಗಿದೆ, ಯಾರು ಮಾಡುತ್ತಾರೆ. ಹಾಗೆ ಕೇಳುವುದು ಅಗೌರವವಲ್ಲ.

ಎರಡು ತುಂಡಿನ ಚಿಪ್ಪಿನ ಆ ಮೂಲೆಯ ತುಂಡನ್ನು ಏನು ಮಾಡಬೇಕು? ನೋವಿಲ್ಲದಿದ್ದರೆ ಮುಟ್ಟಬಾರದು. ನೋವಿದ್ದು ತುಂಡು ಸಣ್ಣದಿದ್ದರೆ ತೆಗೆಯಬಹುದು. ಕಾರ್ಟಿಲೇಜ್ ಇರುವ ದೊಡ್ಡ ತುಂಡಾದರೆ ಸ್ಕ್ರೂ ಹಾಕಿ ಕೂಡಿಸುವುದು ಲೇಸು. ಆ ತುಂಡಿಗೆ ತೊಡೆಯ ಹೊರಸ್ನಾಯು ಅಂಟಿರುತ್ತದೆ. ತೆಗೆಯುವ ಭರದಲ್ಲಿ ಹೊರಬದಿಯ ಕಟ್ಟನ್ನೆಲ್ಲ ಬಿಡಿಸಿದರೆ ಚಿಪ್ಪು ಒಳಬದಿಗೆ ಸರಿಯಲು ಶುರುವಾಗುತ್ತದೆ, ಅದನ್ನು ಸರಿಮಾಡುವುದು ಮೊದಲಿನದಕ್ಕಿಂತ ತ್ರಾಸು. ಹೊರಬದಿ ನಿಜಕ್ಕೂ ಬಿಗಿಯಿದ್ದರೆ ಕತ್ತರಿಸದೆ ಉದ್ದ ಮಾಡಿ ಹೊಲಿಯಬೇಕು. ಬರೇ ಹೊರಬದಿ ಕತ್ತರಿಸಿ ಕಳಿಸುವ ಹಳೆಯ ಆಪರೇಷನ್ ಸರಿಯುವ ಚಿಪ್ಪಿಗೆ ಮದ್ದಲ್ಲ, ಇನ್ನೂ ಯಾರಾದರೂ ಅದೊಂದನ್ನೇ ಹೇಳಿದರೆ ಎರಡನೇ ಅಭಿಪ್ರಾಯ ಕೇಳಿ.

ಆಮೇಲಿನ ದಿನಗಳು. ಲಿಗಮೆಂಟ್ ಮಾತ್ರ ಆಗಿದ್ದರೆ ಬ್ರೇಸ್ ಹಾಕಿ ಊರುಗೋಲಿನ ಮೇಲೆ ತಡೆಯುವಷ್ಟು ಭಾರ ಹಾಕಿ ನಡೆಯಬಹುದು. ಎಲುಬು ಕೊಯ್ದಿದ್ದರೆ ಆರು ವಾರ ಅರೆಭಾರ, ಎಕ್ಸ್‌ರೇಯಲ್ಲಿ ಕೂಡಿದ್ದು ಕಂಡ ಮೇಲೆ ಪೂರ್ತಿ. ತೊಡೆ ಬಿಗಿಹಿಡಿದು ಹತ್ತು ಎಣಿಸಿ ಬಿಡುವ ವ್ಯಾಯಾಮ ಮೊದಲ ದಿನದಿಂದಲೇ. 2 ವಾರಕ್ಕೆ 60 ಡಿಗ್ರಿ, 6 ವಾರಕ್ಕೆ 90 ಮಡಚಬೇಕು. 90 ಬರದಿದ್ದರೆ “ನಿಧಾನಕ್ಕ ಬರತೈತಿ” ಎಂದು ಕಾಯದೆ ತೋರಿಸಬೇಕು.

ನಮ್ಮ ಮನೆಗಳಲ್ಲಿ ತೊಂದರೆ ಕೊಡುವುದು ನೆಲ. ಚಕ್ಕಳಮಕ್ಕಳ ಹಾಕಿ ಊಟ, ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದು, ನೆಲದ ಸಂಡಾಸು, ಯಾವುದೂ ಮೂರ್ನಾಲ್ಕು ತಿಂಗಳು ಬೇಡ. ಆಸ್ಪತ್ರೆಗೆ ಸೇರುವ ಮೊದಲೇ ಕಮೋಡ್ ಕುರ್ಚಿ ತಂದಿಡಿ, ರೊಟ್ಟಿಯ ಒಲೆ ಕಟ್ಟೆ ಮೇಲೆ ಏರಲಿ. ಆಯುಷ್ಮಾನ್ ಕಾರ್ಡಿನ ವಿಚಾರಣೆಯೂ ದಿನ ಗೊತ್ತುಮಾಡುವ ಮೊದಲೇ ಆಗಲಿ. ಸೈಕಲ್ಲಿಗೆ ಹೆಸರಾದ ಸೀಮೆ ನಮ್ಮದು, ಅದೇ ಒಳ್ಳೆಯ ವ್ಯಾಯಾಮ ಕೂಡ. ಆದರೆ 110 ಡಿಗ್ರಿ ಮಡಚುವವರೆಗೆ ಪೆಡಲು ಪೂರ್ತಿ ತಿರುಗದು. ಶುರುವಿಗೆ ನಿಂತಲ್ಲೇ ತುಳಿಯುವ ಸೈಕಲ್, ಸೀಟು ಎತ್ತರಕ್ಕೆ, ಭಾರ ಸೊನ್ನೆ. ಓಟ 3–4 ತಿಂಗಳಿಗೆ. ಖೋಖೋ, ಕುಸ್ತಿ 6ರಿಂದ 9 ತಿಂಗಳಿಗೆ, ಅದೂ ಆ ಕಾಲಿನ ಬಲ ಇನ್ನೊಂದು ಕಾಲಿನ 90 ಶೇಕಡಾ ಮುಟ್ಟಿದರೆ. ಗರಡಿಯ ಸಾಮು, ಆಳವಾದ ಬೈಠಕ್ ಎಲ್ಲಕ್ಕಿಂತ ಕಡೆಗೆ.

ಹೊಲಿಗೆಯ ಕೆಳಗೆ ಕಣಕಾಲಿನ ಹೊರಬದಿಗೆ ಅಂಗೈಯಷ್ಟು ಜಾಗ ಜೋಮು ಹಿಡಿದಂತಿದ್ದರೆ ಗಾಬರಿ ಬೇಡ. ಚರ್ಮದ ಸಣ್ಣ ನರದ ಕೊಂಬೆ ಅಲ್ಲೇ ಹಾದುಹೋಗುತ್ತದೆ, ಬಹಳಷ್ಟು ಸಲ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಮೀನಖಂಡ ಬಾತು ಕಲ್ಲಿನಂತೆ ಬಿಗಿದರೆ, ಕಾಲ್ಬೆರಳು ಎತ್ತಿದಾಗ ತಡೆಯದ ನೋವು ಬಂದರೆ ಬೆಳಗಾಗುವವರೆಗೆ ಕಾಯಬಾರದು. ಎಲುಬು ಕೊಯ್ದವರಲ್ಲಿ ಮೊದಲ ಎರಡು ದಿನ ಇದರ ಮೇಲೆ ವಿಶೇಷ ಕಣ್ಣಿಡಬೇಕು.